ಚಳಿಗಾಲಕ್ಕೆ ಇಬ್ಬರೇ ಹಡಗು ಹತ್ತುವುದಾದರೆ: ಲಕ್ಷದ್ವೀಪವೋ, ಸಿಂಗಾಪುರವೋ, ಅಂಡಮಾನೋ?

ಕಳೆದ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಮದುವೆಯಾಗಿ 20 ವರ್ಷ ಆಯ್ತು, ಮಗಳು ಹಾಸ್ಟೆಲ್ ಸೇರಿದ್ದಾಳೆ. "ಅಕ್ಕಾ, ಈ ಸಲ ನಾವಿಬ್ಬರೇ ಹಡಗಲ್ಲಿ ಹೋಗ್ಬೇಕು ಅಂತಿದೀವಿ. ಇವರು ಸಿಂಗಾಪುರ ಅಂತಾರೆ, ನಾನು ಲಕ್ಷದ್ವೀಪ ಅಂತೀನಿ. ಆಫೀಸಲ್ಲಿ ಯಾರೋ, ಕ್ರೂಸ್ ಎಲ್ಲಾ ಸುಮ್ನೆ, ಅಂಡಮಾನ್‌ಗೆ ಹೋಗಿ ಅಂದ್ರಂತೆ. ನೀನೇ ಹೇಳು." ಮಾತು ಮುಗಿಯುವಷ್ಟರಲ್ಲಿ ಒಲೆ ಮೇಲಿನ ಸಾರು ಅರ್ಧಕ್ಕೆ ಇಂಗಿತ್ತು. ಇದೇ ಪ್ರಶ್ನೆ ಇನ್ನೂ ನಾಲ್ಕೈದು ಜನ ಕೇಳಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಅವಳನ್ನು ಮೊದಲು ಕೇಳಿದ್ದು ಒಂದೇ. ನಿಮಗೆ ಬೇಕಿರೋದು ಹಡಗೋ, ದ್ವೀಪವೋ? "ಎರಡೂ" ಅಂದಳು. ಎಲ್ಲರೂ ಹಾಗೇ ಅನ್ನುತ್ತಾರೆ. ಆದರೆ ಎರಡೂ ಸಮ ಪಾಲಿನಲ್ಲಿ ಸಿಗುವ ಟಿಕೆಟ್ ನಾನಂತೂ ಕಂಡಿಲ್ಲ. ಈಜುಕೊಳ, ನಾಟಕಶಾಲೆ, ಹತ್ತು ಹೋಟೆಲು ಇರುವ ಹಡಗಿಗೆ ಆಳವಾದ ನೀರು ಬೇಕು. ಹವಳದ ದ್ವೀಪದ ದಡಕ್ಕೆ ಅದು ತಾಗಲಾರದು, ದೂರವೇ ನಿಲ್ಲಬೇಕು. ದಿನವೂ ದ್ವೀಪಕ್ಕೆ ಇಳಿಸುವ ಹಡಗಿನಲ್ಲಿ ಆ ಸುಖಗಳು ಇರುವುದಿಲ್ಲ. ಈ ಒಂದು ವಿಷಯದಲ್ಲಿ ಗಂಡ ಹೆಂಡತಿ ಮನೆಯಲ್ಲೇ ಕೂತು ಒಮ್ಮತಕ್ಕೆ ಬಂದರೆ ಉಳಿದದ್ದು ಸಲೀಸು.

ಅಳೆಯುವುದು ಯಾವುದರಿಂದ?

ನನ್ನ ಮೊದಲ ಅಳತೆಗೋಲು ನೆಲದ ಮೇಲಿನ ಗಂಟೆಗಳು. ಜಾಹೀರಾತಿನಲ್ಲಿ "5 ರಾತ್ರಿ, 3 ದ್ವೀಪ" ಅಂತಿರುತ್ತದೆ. ಪ್ರತಿ ದ್ವೀಪದಲ್ಲಿ ಎಷ್ಟು ಹೊತ್ತಿಗೆ ಇಳಿಸುತ್ತಾರೆ, ಎಷ್ಟು ಹೊತ್ತಿಗೆ ವಾಪಸ್ ಹತ್ತಿಸುತ್ತಾರೆ ಎಂದು ಕೇಳಿ. ಬರೆದುಕೊಂಡು ಕೂಡಿಸಿ. ಹಡಗು ದಡಕ್ಕೆ ತಾಗುತ್ತದೆಯಾ, ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರಾ ಅಂತಲೂ ಕೇಳಿ. ದೋಣಿಯಾದರೆ ಹೋಗಿ ಬರುವುದಕ್ಕೇ ಒಂದೂವರೆ ಎರಡು ಗಂಟೆ ಕಳೆಯಿರಿ.

ಎರಡನೆಯದು ತಿಂಗಳು. ಚಳಿಗಾಲ ಅಂದರೆ ಎಲ್ಲ ಕಡೆ ಒಂದೇ ಅಲ್ಲ. ನಮಗೆ ಡಿಸೆಂಬರ್ ಅಂದರೆ ಒಣ ಹವೆ, ಆದರೆ ಸಿಂಗಾಪುರದಲ್ಲಿ ವರ್ಷದಲ್ಲೇ ಜಾಸ್ತಿ ಮಳೆ ಸುರಿಯುವುದು ಆ ತಿಂಗಳು. ಅದೇ ಹೊತ್ತಿಗೆ ಫುಕೆಟ್‌ನಲ್ಲಿ ಒಳ್ಳೆ ಬಿಸಿಲು. ನಮ್ಮ ಎರಡೂ ಕಡಲಲ್ಲಿ ಡಿಸೆಂಬರ್ ಮೊದಲ ಎರಡು ವಾರ ಚಂಡಮಾರುತದ ಭಯ ಪೂರ್ತಿ ಹೋಗಿರುವುದಿಲ್ಲ. 2017ರಲ್ಲಿ ಓಖಿ ಲಕ್ಷದ್ವೀಪಕ್ಕೆ ಬಡಿದದ್ದು ಡಿಸೆಂಬರ್ ಆರಂಭದಲ್ಲೇ. 2016ರ ಡಿಸೆಂಬರ್‌ನಲ್ಲಿ ಅಂಡಮಾನಿನ ಹ್ಯಾವ್ಲಾಕ್‌ನಲ್ಲಿ ನೂರಾರು ಪ್ರವಾಸಿಗಳು ದೋಣಿ ಇಲ್ಲದೆ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ರಜೆ ನಿಮ್ಮ ಕೈಯಲ್ಲಿದ್ದರೆ ಸಂಕ್ರಾಂತಿ ಕಳೆದ ಮೇಲೆ ಹೋಗಿ. ಕಡಲೂ ಶಾಂತ, ಕ್ರಿಸ್‌ಮಸ್ ದರವೂ ಇಳಿದಿರುತ್ತದೆ.

ಮೂರನೆಯದು ಹೊಟ್ಟೆ. ಅಂದರೆ ಊಟವೂ ಹೌದು, ವಾಂತಿಯೂ ಹೌದು. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿ ಹುಡುಕುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ದೊಡ್ಡ ಹಡಗಿನ ಕಡೆ ಎರಡು ಅಂಕ ಜಾಸ್ತಿ ಕೊಡಿ. ಯಾವ ಹಡಗಾದರೂ ನಡು ಭಾಗದಲ್ಲಿ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ. ಅಲ್ಲಿ ಓಲಾಟ ಕಡಿಮೆ. ಮಾತ್ರೆ ಯಾವುದು ಅಂತ ಡಾಕ್ಟರನ್ನು ಕೇಳಿ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಿ. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೇ.

ಕಾಗದಪತ್ರ ಮತ್ತು ಒಟ್ಟು ಖರ್ಚು ಕೊನೆಯ ಎರಡು. ಟಿಕೆಟ್ ದರ ಒಟ್ಟು ಖರ್ಚಲ್ಲ ಅನ್ನುವುದು ನೆನಪಿರಲಿ. ಹೇಗೆ ಅಂತ ಮುಂದೆ ಒಂದೊಂದರಲ್ಲೇ ಹೇಳುತ್ತೇನೆ. ನಾನು ಕೊಡುವ ಮೊತ್ತಗಳು ಬೆಂಗಳೂರಿನಿಂದ ಇಬ್ಬರು ಹೋಗಿ ಬರುವ ನನ್ನ ಅಂದಾಜು ಅಷ್ಟೇ. ಬುಕ್ ಮಾಡುವ ದಿನದ ದರ ನೋಡಿಕೊಳ್ಳಿ.

ಕೊಚ್ಚಿಯಿಂದ ಸರ್ಕಾರಿ ಹಡಗು

ಲಕ್ಷದ್ವೀಪದ ಆಡಳಿತದ ಪ್ರವಾಸ ಸಂಸ್ಥೆ 'ಸ್ಪೋರ್ಟ್ಸ್' ನಡೆಸುವ 'ಸಮುದ್ರಂ' ಪ್ಯಾಕೇಜ್ ಇದು. ಎಂ.ವಿ. ಕವರತ್ತಿ ಹಡಗು, ಐದು ದಿನ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರು ದ್ವೀಪ. ರಾತ್ರಿ ಹಡಗು ಓಡುತ್ತದೆ, ಹಗಲು ನೀವು ದ್ವೀಪದಲ್ಲಿರುತ್ತೀರಿ. ಬೆಳಗಿನ ತಿಂಡಿ ಮುಗಿಸಿ ಇಳಿದರೆ ಸಂಜೆಗೆ ವಾಪಸ್. ನೆಲದ ಗಂಟೆಯ ಲೆಕ್ಕದಲ್ಲಿ ಇದನ್ನು ಮೀರಿಸುವ ಹಡಗು ಪ್ರವಾಸ ನಮ್ಮ ದೇಶದಲ್ಲಿ ನನಗೆ ಗೊತ್ತಿಲ್ಲ.

ಇಳಿಯುವುದೇ ಒಂದು ಕಥೆ. ಹಡಗು ಹವಳದ ದಿಬ್ಬದಾಚೆ ನಿಲ್ಲುತ್ತದೆ. ಪಕ್ಕದ ಸಣ್ಣ ಬಾಗಿಲು ತೆಗೆಯುತ್ತಾರೆ. ಕೆಳಗೆ ಒಂದು ದೋಣಿ ಏರುತ್ತಾ ಇಳಿಯುತ್ತಾ ಇರುತ್ತದೆ. ಕಲ್ಪೇನಿಯಲ್ಲಿ ನನ್ನ ಎರಡೂ ಮೊಣಕೈಯನ್ನು ಇಬ್ಬರು ಹುಡುಗರು ಹಿಡಿದುಕೊಂಡಿದ್ದರು. ದೋಣಿ ಮೇಲೆ ಬಂತು, ನಾನು ಕಾಲೆತ್ತಿದೆ, ಅವರು ಬಿಡಲಿಲ್ಲ. ಇನ್ನೊಂದು ಅಲೆ ಬಂತು, ಆಗಲೂ ಬಿಡಲಿಲ್ಲ. ಮೂರನೆಯದಕ್ಕೆ "ಪೋ" ಅಂದರು. ದೋಣಿಯ ಅಂಚು ಬಾಗಿಲಿನ ಮಟ್ಟಕ್ಕೆ ಬಂದು ಒಂದು ಕ್ಷಣ ನಿಂತಿತ್ತು. ಮನೆಯ ಹೊಸಿಲು ದಾಟಿದಷ್ಟೇ ಸುಲಭ. ನಮ್ಮೆಜಮಾನರಿಗೆ ಮಂಡಿ ನೋವು, ಆದರೂ ದಾಟಿದರು. ಆದರೆ ಊರುಗೋಲು ಹಿಡಿದು ನಡೆಯುವವರಿಗೆ ನಾನು ಈ ಹಡಗು ಹೇಳುವುದಿಲ್ಲ.

ಹವಳದ ದಿಬ್ಬದ ಒಳಗೆ ನೀರು ಹಸಿರು ಗಾಜಿನ ಹಾಗೆ. ಮುಖಕ್ಕೆ ಗಾಜಿನ ಮುಖವಾಡ ಕಟ್ಟಿಕೊಂಡು ಹವಳ ನೋಡುವುದು, ಕಯಾಕ್ ಎಂಬ ಸಣ್ಣ ದೋಣಿಗೆ ಹುಟ್ಟು ಹಾಕುವುದು, ಗಾಜಿನ ತಳದ ದೋಣಿ, ಎಳನೀರು, ತೆಂಗಿನ ಮರದ ಕೆಳಗೆ ಊಟ. ಮೂರರಲ್ಲಿ ನನಗೆ ಹಿಡಿಸಿದ್ದು ಮಿನಿಕಾಯ್. ಉಳಿದ ದ್ವೀಪಗಳ ಮಾತು ಮಲಯಾಳಂ ಬಗೆಯದು, ಇಲ್ಲಿ ಮಾತ್ರ ಮಾಲ್ಡೀವ್ಸ್ ಕಡೆಯ ಮಹಲ್. ಬ್ರಿಟಿಷರು 1885ರಲ್ಲಿ ಕಟ್ಟಿಸಿದ ದೀಪಸ್ತಂಭದ ಮೆಟ್ಟಿಲು ಹತ್ತಿದರೆ ಇಡೀ ದ್ವೀಪ ಕುಡುಗೋಲಿನ ಹಾಗೆ ಬಾಗಿ ಕಾಣುತ್ತದೆ.

ಈಗ ತಾಪತ್ರಯಗಳು. ಇದು ಐಷಾರಾಮಿ ಹಡಗಲ್ಲ. ದ್ವೀಪದವರಿಗೆ ಇದೇ ಬಸ್ಸು. ಆಸ್ಪತ್ರೆಗೆ ಹೋದವರು, ಕಾಲೇಜು ಹುಡುಗರು, ಟಿವಿ ಪೆಟ್ಟಿಗೆ ಹೊತ್ತವರು ಎಲ್ಲ ಇರುತ್ತಾರೆ. ಹಾಗಾಗಿ ದಿನಾಂಕ ಹಿಂದೆ ಮುಂದೆ ಆಗುತ್ತದೆ. ಈ ವರ್ಷ ಪ್ಯಾಕೇಜ್ ಓಡುತ್ತಿದೆಯಾ, ಯಾವ್ಯಾವ ತಾರೀಖು ಅಂತ ಕೇಳಿ ಖಚಿತ ಮಾಡಿಕೊಂಡೇ ಕೊಚ್ಚಿಯ ಟಿಕೆಟ್ ಮಾಡಿ. ಹಿಂದೊಂದು ದಿನ, ಮುಂದೊಂದು ದಿನ ಖಾಲಿ ಬಿಡಿ. ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಪ್ಯಾಕೇಜ್‌ನವರೇ ಮಾಡಿಸುತ್ತಾರೆ, ಆದರೆ ಸಮಯ ಹಿಡಿಯುತ್ತದೆ. ಮದ್ಯ ಸಿಗುವುದಿಲ್ಲ, ಒಯ್ಯುವಂತೆಯೂ ಇಲ್ಲ. ಪ್ರವಾಸಿಗರಿಗೆ ಬಂಗಾರಂನಲ್ಲಿ ಮಾತ್ರ ವಿನಾಯಿತಿ, ಆ ದ್ವೀಪಕ್ಕೆ ಈ ಹಡಗು ಹೋಗುವುದಿಲ್ಲ. ಊರೊಳಗೆ ಮೈ ಮುಚ್ಚುವ ಬಟ್ಟೆ ಇರಲಿ.

ಕ್ಯಾಬಿನ್ ವಿಷಯದಲ್ಲಿ ನಾವು ಏಮಾರಿದೆವು. ಇಬ್ಬರಿಗೇ ಬೇಕೆಂದರೆ ಡೈಮಂಡ್ ಕ್ಲಾಸ್, ಅದರಲ್ಲಿ ಎರಡು ಬರ್ತ್. ಗೋಲ್ಡ್ ಅಂದರೆ ನಾಲ್ಕು ಬರ್ತ್. ನಮಗೆ ಬುಕ್ ಮಾಡಿಕೊಟ್ಟ ಏಜೆಂಟ್ "ಕಪಲ್ ರೂಮೇ ಮೇಡಂ" ಅಂದಿದ್ದ. ಹತ್ತಿ ನೋಡಿದರೆ ಗೋಲ್ಡ್. ಒಳಗೆ ತ್ರಿಶೂರಿನ ನಿವೃತ್ತ ದಂಪತಿ ಆಗಲೇ ಬಾಳೆಕಾಯಿ ಚಿಪ್ಸ್ ಬಿಚ್ಚಿ ಕೂತಿದ್ದರು. ಒಳ್ಳೆಯವರು, ಈಗಲೂ ಓಣಂಗೆ ಮೆಸೇಜ್ ಮಾಡುತ್ತಾರೆ. ಆದರೆ ಮದುವೆಯ ವಾರ್ಷಿಕೋತ್ಸವಕ್ಕೆ ನಾಲ್ವರ ಕೋಣೆ ಬೇಕಾಗಿರಲಿಲ್ಲ, ಅಲ್ವಾ? ಹಣ ಕಟ್ಟುವ ಮೊದಲು ರಸೀದಿಯಲ್ಲಿ 'ಡೈಮಂಡ್' ಅನ್ನುವ ಪದ ಇದೆಯಾ ನೋಡಿ. ಇದ್ದರೂ ಡಬಲ್ ಕಾಟ್ ನಿರೀಕ್ಷಿಸಬೇಡಿ, ಸ್ಲೀಪರ್ ಕೋಚ್ ತರಹದ ಬರ್ತೇ.

ಡೈಮಂಡ್ ಕ್ಲಾಸ್‌ನಲ್ಲಿ ಕೊಚ್ಚಿಯ ಓಡಾಟ ಸೇರಿ ಇಬ್ಬರಿಗೆ ಒಂದು ಲಕ್ಷದ ಆಸುಪಾಸು. ಊಟ, ಪರವಾನಗಿ, ದ್ವೀಪದ ಆಟಗಳಲ್ಲಿ ಬಹುಪಾಲು ಪ್ಯಾಕೇಜ್‌ನೊಳಗೇ ಇರುವುದರಿಂದ ಆಮೇಲೆ ಕೈಯಿಂದ ಹೋಗುವುದು ಕಡಿಮೆ.

ಇನ್ನೊಂದು ಸಂಗತಿ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಇವತ್ತೂ ಮಂಜಿ ಎಂಬ ಸರಕು ದೋಣಿಗಳು ಅಲ್ಲಿಗೆ ಅಕ್ಕಿ, ತರಕಾರಿ, ಸಿಮೆಂಟು ಹೊತ್ತು ಹೋಗುತ್ತವೆ. ಆದರೆ ಈ ಪ್ಯಾಕೇಜ್‌ಗೆ ನಾವು ಕೊಚ್ಚಿಗೇ ಹೋಗಿ ಹತ್ತಬೇಕು. ಹೊಟ್ಟೆ ಉರಿಯುತ್ತೆ.

ಮುಂಬೈನಿಂದ ಖಾಸಗಿ ಹಡಗು

ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್. 1990ರಲ್ಲಿ ಕಟ್ಟಿದ, ಸುಮಾರು 48 ಸಾವಿರ ಟನ್ನಿನ ಹಡಗು. 2021ರಿಂದ ನಮ್ಮ ಕರಾವಳಿಯಲ್ಲಿ ಓಡುತ್ತಿದೆ. ಈಜುಕೊಳ, ರಾತ್ರಿ ಷೋ, ಕ್ಯಾಸಿನೋ, ಸಸ್ಯಾಹಾರಿ ಮತ್ತು ಜೈನ ಊಟ ಎಲ್ಲ ಉಂಟು. ಊಟದ ವಿಷಯದಲ್ಲಿ ನಮ್ಮವರು ಸುಖವಾಗಿರುತ್ತಾರೆ. ಪಾಸ್‌ಪೋರ್ಟ್ ಬೇಡ, ದೇಶದೊಳಗಿನ ಪ್ರಯಾಣಕ್ಕೆ ಗುರುತಿನ ಚೀಟಿ ಸಾಕು, ಲಕ್ಷದ್ವೀಪದಲ್ಲಿ ಇಳಿಯುವುದಾದರೆ ಮಾತ್ರ ಮೇಲೆ ಹೇಳಿದ ಪರವಾನಗಿಯ ವಿಷಯ ಕೇಳಿಕೊಳ್ಳಿ.

ಆದರೆ ನನ್ನ ಅಳತೆಗೋಲು ಹಿಡಿದರೆ ಇದು ಸೊರಗುತ್ತದೆ. ಮುಂಬೈನಿಂದ ಲಕ್ಷದ್ವೀಪ ದೂರ, ಆದ್ದರಿಂದ ಒಂದೋ ಎರಡೋ ಹಗಲು ಪೂರ್ತಿ ಕಡಲಲ್ಲೇ ಕಳೆಯುತ್ತದೆ. ದ್ವೀಪದಲ್ಲಿ ಇಳಿಯುವುದು ಸಾಮಾನ್ಯವಾಗಿ ಒಂದೇ ದಿನ, ಅದೂ ದೋಣಿಯಲ್ಲಿ. ಕಡಲು ಕೆರಳಿದ್ದರೆ ಕ್ಯಾಪ್ಟನ್ ಇಳಿಸುವುದಿಲ್ಲ. ಹಾಗಾದಾಗ ದುಡ್ಡು ಎಷ್ಟು ವಾಪಸ್ ಎಂಬುದು ಷರತ್ತಿನ ಸಣ್ಣ ಅಕ್ಷರಗಳಲ್ಲಿರುತ್ತದೆ. ಈ ಮಾತು ಜಗತ್ತಿನ ಎಲ್ಲ ಕ್ರೂಸ್‌ಗೂ ಅನ್ವಯ. ಆದರೆ ದ್ವೀಪ ಒಂದೇ ಇದ್ದಾಗ, ಅದೂ ತಪ್ಪಿದರೆ ಉಳಿಯುವುದು ಹಡಗು ಮಾತ್ರ. ದ್ವೀಪದ ಸುತ್ತಾಟದ ಖರ್ಚು ಟಿಕೆಟ್‌ನೊಳಗಿದೆಯಾ ಬೇರೆಯಾ ಅಂತಲೂ ಕೇಳಿಕೊಳ್ಳಿ.

ಯಾರಿಗೆ ಸರಿ? ಪಾಸ್‌ಪೋರ್ಟ್ ಇಲ್ಲದ, ಹಡಗಿನ ಜೀವನ ಹೇಗಿರುತ್ತೆ ಅಂತ ಒಮ್ಮೆ ನೋಡಬೇಕೆನ್ನುವ ಜೋಡಿಗೆ. ಅದಕ್ಕಾದರೂ ಐದು ರಾತ್ರಿ ಬೇಡ. ಮುಂಬೈ-ಗೋವಾ ಎರಡು ರಾತ್ರಿ ಹೋಗಿ ಬನ್ನಿ, ಗೊತ್ತಾಗುತ್ತದೆ. ನಾವು ಹೋಗಿದ್ದು ಹಾಗೇ. ಪೂರ್ತಿ ಲಕ್ಷದ್ವೀಪದ ಸುತ್ತಿಗೆ ವಿಮಾನ ಸೇರಿ ಇಬ್ಬರಿಗೆ ಒಂದರಿಂದ ಒಂದೂವರೆ ಲಕ್ಷ ಇಟ್ಟುಕೊಳ್ಳಿ.

ಸಿಂಗಾಪುರದಿಂದ ದೊಡ್ಡ ಹಡಗು

ಹಡಗೇ ಬೇಕು ಅನ್ನುವವರಿಗೆ ಇಲ್ಲಿಂದ ಮುಂದೆ ಯೋಚನೆಯೇ ಬೇಡ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ವಿಮಾನ. ಅಲ್ಲಿಂದ ರಾಯಲ್ ಕೆರಿಬಿಯನ್‌ನ ಹಡಗುಗಳು, ರೆಸಾರ್ಟ್ಸ್ ವರ್ಲ್ಡ್‌ನ ಜೆಂಟಿಂಗ್ ಡ್ರೀಮ್ ಇತ್ಯಾದಿ ಮೂರು ನಾಲ್ಕು ರಾತ್ರಿಯ ಸುತ್ತು ಹೊಡೆಯುತ್ತವೆ. ಹೆಚ್ಚಾಗಿ ಪೆನಾಂಗ್ ಮತ್ತು ಫುಕೆಟ್. ಜೆಂಟಿಂಗ್ ಡ್ರೀಮ್ ಒಂದೂವರೆ ಲಕ್ಷ ಟನ್, 335 ಮೀಟರ್ ಉದ್ದ. ಎಂಪ್ರೆಸ್‌ನಂಥ ಮೂರು ಹಡಗು ಒಂದರಲ್ಲೇ ಹಿಡಿಸಿದ ಹಾಗೆ. ಓಲಾಟ ಗೊತ್ತೇ ಆಗುವುದಿಲ್ಲ. ಮಲಾಕ್ಕಾ ಜಲಸಂಧಿಯೂ ಸಾಮಾನ್ಯವಾಗಿ ಶಾಂತ.

ದ್ವೀಪ ಎಂಬ ಪದಕ್ಕೆ ಮಾತ್ರ ಮರುಳಾಗಬೇಡಿ. ಪೆನಾಂಗ್‌ನಲ್ಲಿ ಇಳಿದರೆ ಸಿಗುವುದು ಮರಳಲ್ಲ, ಊರು. ಹಡಗು ಸ್ವೆಟೆನ್‌ಹ್ಯಾಮ್ ಪಿಯರ್‌ಗೆ ನೇರವಾಗಿ ತಾಗುತ್ತದೆ. ಜಾರ್ಜ್ ಟೌನ್‌ನ ಹಳೆಯ ಬೀದಿಗಳಿಗೆ ನಡೆದೇ ಹೋಗಬಹುದು. ಅದು 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕ್ವೀನ್ ಸ್ಟ್ರೀಟ್‌ನಲ್ಲಿ 1833ರ ಮಾರಿಯಮ್ಮನ ಗುಡಿ, ಸುತ್ತ ಲಿಟಲ್ ಇಂಡಿಯಾ, ಬಾಳೆಲೆ ಊಟ. ಹಡಗಿನವರ ಟೂರ್ ಕೊಳ್ಳುವ ಅಗತ್ಯವೇ ಇಲ್ಲ. ನಾವು ದೋಸೆ ತಿಂದು, ಬೀದಿ ಸುತ್ತಿ, ಖರ್ಚಿಲ್ಲದೆ ಬಂದೆವು.

ಫುಕೆಟ್‌ನಲ್ಲಿ ಹಡಗುಗಳು ಹೆಚ್ಚಾಗಿ ಪಟಾಂಗ್ ಎದುರು ಲಂಗರು ಹಾಕುತ್ತವೆ. ದೋಣಿಗೆ ಸರದಿ. ಸಾವಿರಾರು ಜನ ಒಟ್ಟಿಗೆ ಇಳಿಯುವುದನ್ನು ನೆನೆಸಿಕೊಳ್ಳಿ. ಪಟಾಂಗ್ ದಡದಲ್ಲಿ ಜಾತ್ರೆ. ಇಬ್ಬರೇ ಕೂರಲು ಜಾಗ ಬೇಕೆಂದರೆ ಟ್ಯಾಕ್ಸಿ ಹಿಡಿದು ಕರೋನ್ ಅಥವಾ ಕಾಟಾ ಬೀಚಿಗೆ ಹೋಗಿ. ಫಿ ಫಿ ದ್ವೀಪಕ್ಕೆ ಹೋಗುವುದಾದರೆ ಇಡೀ ದಿನ ಅದಕ್ಕೇ. ಆಗ ಹಡಗಿನವರ ಟೂರೇ ಕ್ಷೇಮ. ಅವರ ದೋಣಿ ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ.

ಇಲ್ಲೇ ನಾವು ಸ್ವಲ್ಪದರಲ್ಲಿ ಉಳಿದುಕೊಂಡದ್ದು. ಥಾಯ್ಲೆಂಡಿನ ಗಡಿಯಾರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕೆ ಬಂದ ಕೂಡಲೇ ಫೋನು ತಾನಾಗಿ ಥಾಯ್ ಸಮಯಕ್ಕೆ ಬದಲಾಯಿತು. ಹಡಗು ಸಿಂಗಾಪುರದ ಸಮಯದಲ್ಲೇ ಇತ್ತು. ಇನ್ನೂ ಒಂದೂವರೆ ಗಂಟೆ ಇದೆ ಅಂತ ಮಾವಿನಹಣ್ಣು ಅನ್ನ ತಿನ್ನುತ್ತಾ ಕೂತಿದ್ದೆವು. ನಮ್ಮೆಜಮಾನರ ಕೈಯಲ್ಲಿ ಹಳೆಯ ಎಚ್‌ಎಂಟಿ ವಾಚ್ ಇರದಿದ್ದರೆ ಅವತ್ತು ಪಟಾಂಗ್‌ನಲ್ಲೇ ಸಂಸಾರ ಹೂಡಬೇಕಿತ್ತು. ಇಳಿಯುವಾಗ ಬಾಗಿಲಲ್ಲೇ ಹಡಗಿನ ಸಮಯ ಎಷ್ಟು ಅಂತ ಕೇಳಿ, ಕೈಗೆ ಕಟ್ಟಿಕೊಂಡೇ ಇಳಿಯಿರಿ.

ಖರ್ಚಿನ ಒಳಗುಟ್ಟು ನೋಡಿ. ಟಿಪ್ಸ್ ಎಂದು ಒಬ್ಬರಿಗೆ ದಿನಕ್ಕೆ ಇಷ್ಟು ಅಂತ ಬಿಲ್ಲಿಗೇ ಸೇರಿಸುತ್ತಾರೆ. 18 ಡಾಲರ್ ಅಂತ ಹಿಡಿದರೂ ನಾಲ್ಕು ರಾತ್ರಿಗೆ ಇಬ್ಬರಿಗೆ 144 ಡಾಲರ್, ಅಂದರೆ 12 ಸಾವಿರ ರೂಪಾಯಿ ದಾಟುತ್ತದೆ. ವೈಫೈ ಬೇರೆ, ಮದ್ಯ ಬೇರೆ, ಕೆಲವು ಹೋಟೆಲುಗಳ ಊಟವೂ ಬೇರೆ. ಹಡಗಿಗೆ ಒಂದು ದಿನ ಮೊದಲೇ ಸಿಂಗಾಪುರ ತಲುಪಬೇಕು, ಅಲ್ಲಿಯ ಹೋಟೆಲಿನ ದರ ಗೊತ್ತಲ್ಲ. ಎಲ್ಲ ಸೇರಿ ಇಬ್ಬರಿಗೆ ಎರಡರಿಂದ ಎರಡೂಮುಕ್ಕಾಲು ಲಕ್ಷ. ಸಿಂಗಾಪುರ ಬಿಟ್ಟು ಮತ್ತೆ ಒಳಗೆ ಬರುವುದರಿಂದ ಮಲ್ಟಿಪಲ್ ಎಂಟ್ರಿ ವೀಸಾ ಇರಲೇಬೇಕು. ಮಲೇಷ್ಯಾ, ಥಾಯ್ಲೆಂಡ್‌ನ ನಿಯಮಗಳು ಆಗಾಗ ಬದಲಾಗುತ್ತವೆ, ಬುಕ್ ಮಾಡುವಾಗ ಒಮ್ಮೆ, ಹೊರಡುವ ಮೊದಲು ಇನ್ನೊಮ್ಮೆ ನೋಡಿ. ಚೀನೀ ಹೊಸ ವರ್ಷದ ವಾರ ಬಿಟ್ಟುಬಿಡಿ. ಹಡಗು ತುಂಬಿ ತುಳುಕುತ್ತದೆ.

ಬಾಲ್ಕನಿ ತಗೋಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನಾಲ್ಕು ರಾತ್ರಿಯಲ್ಲಿ ನೀವು ಕೋಣೆಯಲ್ಲಿ ಎಚ್ಚರವಾಗಿರುವ ಹೊತ್ತು ಕಡಿಮೆ. ಕಿಟಕಿ ಇಲ್ಲದ ಕ್ಯಾಬಿನ್ ತಗೊಂಡು ಉಳಿದ ದುಡ್ಡಲ್ಲಿ ಫುಕೆಟ್ ಸುತ್ತಿ. ಆದರೆ ಬೆಳಗಿನ ಕಾಫಿ ಇಬ್ಬರೇ ಕುಡಿಯಬೇಕು, ಸುತ್ತ ಯಾರೂ ಇರಬಾರದು ಅನ್ನುವವರಾದರೆ ಬಾಲ್ಕನಿಯೇ ಸರಿ. ಮೇಲಿನ ಡೆಕ್ಕಿನಲ್ಲಿ ಆ ಹೊತ್ತಿಗೆ ಕುರ್ಚಿಗೆ ಟವೆಲ್ ಹಾಸಿ ಜಾಗ ಹಿಡಿಯುವ ಜಗಳ ನಡೆದಿರುತ್ತದೆ.

ಹಡಗಿಲ್ಲದ ಅಂಡಮಾನ್

ಆಫೀಸಿನ ಪುಣ್ಯಾತ್ಮ ಹೇಳಿದ್ದು ಸುಳ್ಳಲ್ಲ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನ ಇದೆ. ಊರಿನ ಹೆಸರು 2024ರಿಂದ ಶ್ರೀ ವಿಜಯ ಪುರಂ, ಆಟೋದವರಿಗೆ ಹಳೆ ಹೆಸರೇ ಬಾಯಲ್ಲಿ. ಅಲ್ಲಿಂದ ಮಕ್ರೂಜ್, ನಾಟಿಕಾ ಮುಂತಾದ ದೋಣಿಗಳಲ್ಲಿ ಎರಡು ಗಂಟೆಯ ಆಸುಪಾಸಿಗೆ ಹ್ಯಾವ್ಲಾಕ್, ಅಂದರೆ ಸ್ವರಾಜ್ ದ್ವೀಪ. ಮತ್ತೆ ಅಲ್ಲಿಂದ ನೀಲ್, ಅಂದರೆ ಶಹೀದ್ ದ್ವೀಪ. ಪರವಾನಗಿ ಬೇಡ, ಪಾಸ್‌ಪೋರ್ಟ್ ಬೇಡ.

ಇಲ್ಲಿ ನೆಲದ ಗಂಟೆ ಲೆಕ್ಕ ಹಾಕುವುದೇ ಬೇಡ, ರಾತ್ರಿಯೂ ದ್ವೀಪದಲ್ಲೇ. ರಾಧಾನಗರ ಬೀಚಿನಲ್ಲಿ ಸೂರ್ಯ ಮುಳುಗುವುದನ್ನು ನೋಡಿ, ಯಾರೂ ಸೀಟಿ ಊದಿ ಕರೆಯುವವರಿಲ್ಲದೆ ಕೂತಿರಬಹುದು. ಇದು ಯಾವ ಹಡಗಿನವರಿಗೂ ಸಿಗದ ಸುಖ. ಹಗಲು ಬೇಗ ಮುಗಿಯುತ್ತದೆ ಅನ್ನುವುದು ನೆನಪಿರಲಿ, ಚಳಿಗಾಲದಲ್ಲಿ ಐದೂವರೆಗೆಲ್ಲ ಕತ್ತಲು.

ಕೊರತೆ ಅಂದರೆ ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು. ಎರಡು ದಿನಕ್ಕೊಮ್ಮೆ ಹೋಟೆಲ್ ಬದಲು. ಖಾಸಗಿ ದೋಣಿಗಳು ಮುಚ್ಚಿದ ಎ.ಸಿ. ಬಸ್ಸಿನ ಹಾಗೆ, ಗಾಳಿಗೆ ಮುಖವೊಡ್ಡಿ ನಿಲ್ಲುವ ಡೆಕ್ ಕನಸು ಬಿಡಿ. ಅವು ಚಿಕ್ಕವು, ಜನವರಿ ಮೊದಲು ಕಡಲು ಕೆದರಿದ್ದರೆ ಚೆನ್ನಾಗಿ ಕುಲುಕುತ್ತವೆ. ಸರ್ಕಾರಿ ದೋಣಿ ನಿಧಾನ, ಅಗ್ಗ, ಹೊರಗೆ ನಿಲ್ಲಬಹುದು, ಆದರೆ ಟಿಕೆಟ್ ಸಿಗುವುದು ಕಷ್ಟ. ವಾಪಸ್ ವಿಮಾನದ ಹಿಂದಿನ ರಾತ್ರಿ ಕಡ್ಡಾಯವಾಗಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಅವತ್ತು ಸೆಲ್ಯುಲರ್ ಜೈಲು ನೋಡಿದ ಹಾಗೂ ಆಗುತ್ತದೆ. ಆರು ದಿನಕ್ಕೆ ಇಬ್ಬರಿಗೆ 80 ಸಾವಿರದಿಂದ 1.2 ಲಕ್ಷ. ಹೆಚ್ಚು ಕಡಿಮೆ ಆಗುವುದು ವಿಮಾನದ ದರದಿಂದ.

ಮಾಲ್ಡೀವ್ಸ್‌ನ ಸಫಾರಿ ದೋಣಿಗಳ ಬಗ್ಗೆಯೂ ಕೇಳುತ್ತಾರೆ. ಅವು ಸ್ಕೂಬಾ, ಅಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿ ನೀರೊಳಗೆ ಮುಳುಗುವವರಿಗೆಂದು ಇರುವ ದೋಣಿಗಳು. ನಿಮಗೆ ಅದು ಬರುತ್ತದೆಯಾ? ಬರುವುದಿಲ್ಲ ಅಂದರೆ ಬೇಡ. ಅಮೆರಿಕದಲ್ಲಿ ಮಗನೋ ಮಗಳೋ ಇದ್ದು, ಚಳಿಗಾಲ ಅಲ್ಲೇ ಕಳೆಯುವವರಿಗೆ ಮಯಾಮಿಯಿಂದ ಕೆರಿಬಿಯನ್ ದ್ವೀಪಗಳ ಹಡಗು ಹತ್ತುವುದು ಸುಲಭ. ಅದಕ್ಕೆಂದೇ ಇಲ್ಲಿಂದ ಹೋಗುವುದು ನನ್ನ ಪ್ರಕಾರ ದುಡ್ಡು ದಂಡ.

ಹಾಗಾದರೆ ಅವಳಿಗೆ ಹೇಳಿದ್ದೇನು?

ಅವಳಿಗೆ ನೀರು ಬೇಕು, ಮೀನು ನೋಡಬೇಕು, ಸಂಜೆ ಏಳಕ್ಕೆಲ್ಲ ನಿದ್ದೆ. ಅವಳ ಗಂಡನಿಗೆ ಸಂಜೆ ಒಂದು ಬಿಯರು, ಷೋ, ಹತ್ತು ಬಗೆ ತಿಂಡಿ. ಸಮುದ್ರಂನಲ್ಲಿ ಅವನು ಮುಖ ಊದಿಸಿಕೊಂಡು ಕೂರುತ್ತಾನೆ, ಸಿಂಗಾಪುರದ ಹಡಗಿನಲ್ಲಿ ಇವಳು. ಬಜೆಟ್ ಒಂದೂವರೆ ಲಕ್ಷ ಅಂದರು. ಅಲ್ಲಿಗೆ ಸಿಂಗಾಪುರ ತಾನಾಗೇ ಹೊರಗೆ ಬಿತ್ತು. ಇಬ್ಬರಿಗೂ ಹೊಂದುವುದು ಅಂಡಮಾನ್ ಅಂದೆ. ಹ್ಯಾವ್ಲಾಕ್‌ನಲ್ಲಿ ಮೂರು ರಾತ್ರಿ, ನೀಲ್‌ನಲ್ಲಿ ಒಂದು, ಪೋರ್ಟ್ ಬ್ಲೇರ್‌ನಲ್ಲಿ ಒಂದು.

"ಆದ್ರೆ ಅಕ್ಕಾ, ಹಡಗಲ್ಲಿ ಮಲಗೋದು?" ಅಂದಳು. ಅದಕ್ಕೇ ಅಲ್ಲವೇ ಫೋನ್ ಮಾಡಿದ್ದು. ಸರಿ, ಅದು ಬಿಡಲಾಗದು ಅಂದರೆ ಫೆಬ್ರವರಿಗೆ ಸಮುದ್ರಂ ಕೇಳಿನೋಡು, ಡೈಮಂಡ್ ಸಿಗದಿದ್ದರೆ ಅಂಡಮಾನ್ ಅಂದೆ. ನಿನ್ನೆ ಮೆಸೇಜ್ ಬಂತು. ಕೊಚ್ಚಿಗೆ ಫೋನ್ ಮಾಡಿ ತಾರೀಖು ಕೇಳಿದ್ದಾರಂತೆ, ಪರವಾನಗಿಗೆ ಫೋಟೋ ತೆಗೆಸಿದ್ದಾರಂತೆ. ಗಂಡನ ಬಿಯರಿನ ಕಥೆ ಏನಾಯಿತು ಅಂತ ಕೇಳಿದೆ. ಕೊಚ್ಚಿಯಲ್ಲಿ ಹಿಂದೊಂದು ಮುಂದೊಂದು ದಿನ ಖಾಲಿ ಬಿಡಿ ಅಂದಿದ್ದೆನಲ್ಲ, ಆ ಎರಡು ಸಂಜೆಯೂ ಅವನದಂತೆ.